ಝಳದ ಗುಳಿಗಿ

ಚಿತ್ತಾಪುರದಿಂದ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಹೆಂಗಸರು ಬಂದು ಕೂತರು. ಹಿರಿಯಾಕೆಯ ತೊಡೆಯ ಮೇಲೆ ಮ್ಯಾಮೊಗ್ರಾಂ ಫಿಲ್ಮಿನ ದೊಡ್ಡ ಲಕೋಟೆ ಇತ್ತು. ಕಿರಿಯಾಕೆ ರಿಪೋರ್ಟು ಬಿಚ್ಚಿ ಓದಿದಳು.

“ಗಂಟು ಕಂಡಿಲ್ಲಂತ ಬರದಾರ್ರಿ ವೈನಿ. ಆದ್ರ ಎದಿ ಭಾಳ ದಟ್ಟ ಅದ ಅಂತ.”

“ದಟ್ಟ ಅಂದ್ರೇನ ಭಾಗ್ಯಾ?”

“ಫೋಟೊದಾಗ ಎಲ್ಲಾ ಬೆಳ್ಳಗ ಬಂದದ. ಹ್ವಾದ ವರ್ಷ ಹಿಂಗಿರ್ಲಿಲ್ಲ. ಅದಕ್ಕೇ ದವಾಖಾನ್ಯಾಗ ಡಾಕ್ಟರು ಹಾರ್ಮೋನ್ ಗುಳಿಗಿ ನಡದಾವೇನಂತ ಕೇಳಿದ್ರು. ನೀವು ಇಲ್ಲಂದ್ರಿ.”

“ನಾ ಎಲ್ಲಿ ತಗೋತೀನಿ? ಬಿಪಿದೊಂದು, ಝಳದ್ದೊಂದು, ಅಷ್ಟೇ.”

“ಝಳದ್ದು ಯಾವುದ್ರಿ?”

“ಮುಟ್ಟು ನಿಂತ ಮ್ಯಾಲ ಮೈಗೆ ಝಳ ಹೊಡದಂಗಾಗಿ ಸೀರಿ ತೋಯೂಹಂಗ ಬೆವರ್ತಿದ್ನಲ್ಲ, ಅದಕ್ಕ ಕೊಟ್ಟಿದ್ದು. ವರ್ಷ ಆಗಾಕ ಬಂತು.”

ಕಿರಿಯಾಕೆ ರಿಪೋರ್ಟು ಮಡಿಚಿದಳು.

“ಅದೇ ಹಾರ್ಮೋನ್ ಗುಳಿಗಿರಿ ವೈನಿ.”

ಹಿರಿಯಾಕೆ ಲಕೋಟೆಯಿಂದ ಫಿಲ್ಮನ್ನು ಅರ್ಧ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು.

“ಹಂಗಾರ ಅದರಿಂದೇ ಬೆಳ್ಳಗ ಬಂದಿರಬೇಕು, ಹೌದಿಲ್ಲ?”

“ಬಂದಿರಬಹುದ್ರಿ.”

“ಗಂಟಿದ್ರ ಫೋಟೊದಾಗ ಯಾವ ಬಣ್ಣ ಕಾಣ್ತದ?”

“ಅದೂ ಬೆಳ್ಳಗೇ ಕಾಣ್ತದಂತ್ರಿ.”

ಹಿರಿಯಾಕೆ ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡಳು.

“ಇನ್ನೊಮ್ಮಿ ಓದು. ಗಂಟಿಲ್ಲ ಅಂತ ಬರದಾರೋ, ಕಂಡಿಲ್ಲ ಅಂತ ಬರದಾರೋ?”

“ಕಂಡಿಲ್ಲ ಅಂತ.”

“ದಂಡೋತಿ ಯಾರ್ರಿ, ಇಳೀರಿ!” ಎಂದು ಕಂಡಕ್ಟರ್ ಕೂಗಿದ. ಇಬ್ಬರೂ ಇಳಿದರು. ಊರಿನ ಕಡೆ ಹೋಗಲಿಲ್ಲ. ರಸ್ತೆ ದಾಟಿ, ಚಿತ್ತಾಪುರಕ್ಕೆ ವಾಪಸು ಹೋಗುವ ಬಸ್ಸಿಗೆ ಕಾಯುತ್ತ ನಿಂತರು.