ನಡಿಗೆ ಮಾರ್ಕೊಂಡವನು

ಸುಳ್ಳಾದ್ರೆ ನನ್ನ ನಾಲಿಗೆ ಸೇದೋಗ್ಲಿ, ಇದು ನಡೆದಿದ್ದು. ಸ್ಮಶಾನದಲ್ಲಿ ಗೊರಕೆ ಹೊಡೆದು ಮಲಗಿದ ಗಂಡಸು ನಾನು, ದೆವ್ವ ಗಿವ್ವ ಅಂದ್ರೆ ನಗ್ತೀನಿ. ಇದಕ್ಕೆ ಮಾತ್ರ ನಗು ಬರಲ್ಲ.

ನಮ್ಮಕ್ಕನ ಮಗ, ವೆಲ್ಡಿಂಗ್ ಕೆಲಸದವನು, ಒಂದಿನ ರಾತ್ರಿ ಬಾವಿ ದಾರೀಲಿ ಮನೆಗೆ ಬರ್ತಿದ್ದ. ಹಿಂದೊಮ್ಮೆ ಏಣಿಯಿಂದ ಬಿದ್ದವನು, ಎಡಗಾಲು ಎಳೆಯುತ್ತೆ. ನಡೆದ್ರೆ ಟಪ್… ಸರ್ರ್… ಟಪ್… ಸರ್ರ್… ನಮ್ಮಕ್ಕನಿಗೆ ಕಣ್ಣು ಕಾಣಲ್ಲ. ಆ ಸದ್ದು ಕೇಳಿದ್ಮೇಲೇ ಚಿಲಕ ತೆಗೆಯೋದು.

ಬಾವಿ ಸುತ್ತ ಕಲ್ಲು ಹಾಸಿದೆ. ಅಲ್ಲಿಗೆ ಬಂದವನು ಕಿವಿಗೊಟ್ಟ. ಕಾಲು ಎಳೀತಾನೇ ಇದೆ… ಸರ್ರ್ ಅನ್ನೋ ಸದ್ದೇ ಇಲ್ಲ. ಟಪ್, ಟಪ್, ಟಪ್. ಯಾರೋ ಬೇರೆಯವರು ನಡೆದಂಗೆ.

ತಕ್ಷಣ ಚಿತ್ರದಮ್ಮನ ನೆನಪಾಯ್ತು. ಕಂಪ್ಯೂಟರಲ್ಲಿ ಚಿತ್ರ ಮಾಡೋ ಹೆಂಗಸು. ಅವಳ ಪ್ರದರ್ಶನಕ್ಕೆ ಕಬ್ಬಿಣದ ಚೌಕಟ್ಟು ಮಾಡೋಕೆ ಹೋಗಿದ್ದ. ಮುಖ ತೆಗಿ, ಚರ್ಮ ತೆಗಿ, ಹೆಸರು ತೆಗಿ, ಮನುಷ್ಯ ಅಂತ ಕೊನೆಗೆ ಉಳಿಯೋದು ಅವನ ನಡಿಗೆ, ಅದನ್ನ ನಂಗೆ ಕೊಡು, ಕೂಲಿ ಮೇಲೆ ಬೇರೆ ದುಡ್ಡು ಕೊಡ್ತೀನಿ ಅಂದ್ಲಂತೆ. ಇವನಿಗೋ ನಗು, ಕುಂಟು ಕಾಲಿಗೂ ಗಿರಾಕಿ ಸಿಕ್ತಲ್ಲ ಅಂತ. ಅವತ್ತೇ ಸಾಯಂಕಾಲ ಮುಂಗಡ ಕೈಗಿಟ್ಟು, ಮಂಡಿಗೆ, ಹಿಮ್ಮಡಿಗೆ, ಸೊಂಟಕ್ಕೆ ಗುಂಡಿ ಥರದ್ದೇನೋ ಅಂಟಿಸಿ ನಡೆಸಿದ್ಲು. ಗೋಡೆಯಷ್ಟು ಪರದೆ ಮೇಲೆ ಬೆಳಕಿನ ಚುಕ್ಕಿಗಳ ಮನುಷ್ಯ… ಮೈಯಿಲ್ಲ, ಮುಖ ಇಲ್ಲ… ಎಡಗಾಲು ಎಳ್ಕೊಂಡು ನಡೀತಿದ್ದ.

ಮನೆ ಬಾಗಿಲು ತಟ್ಟಿದ.

"ಯಾರು?"

"ನಾನೇ ಕಣಮ್ಮ."

"ದನಿ ಯಾರು ಬೇಕಾದ್ರೂ ಕದೀತಾರೆ… ನನ್ನ ಮಗ ಆಗ್ಲೇ ಬಂದ. ಸುಮ್ನೆ ಹೋಗಪ್ಪ."

ಬಾಗಿಲಿಗೆ ಕಿವಿ ಇಟ್ಟ. ಒಳಗೆ… ಟಪ್… ಸರ್ರ್… ಟಪ್… ಸರ್ರ್…

ಭುಜ ಕೊಟ್ಟು ಗುದ್ದಿದ. ಅವನೇ ವೆಲ್ಡ್ ಮಾಡಿದ ಕಬ್ಬಿಣದ ಬಾಗಿಲು, ಜಗ್ಗುತ್ತಾ? ಬಿದ್ದಂಬೀಳ ಪ್ರದರ್ಶನದ ಹಾಲ್‌ಗೆ ಓಡಿದ. ಚಿತ್ರದಮ್ಮ ಮೇಜಿನ ಕೆಳಗೆ ವೈರು ಹುಡುಕ್ತಾ ಕೂತಿದ್ಲು. ಪರದೆ ಖಾಲಿ. ಮಿಷನ್ ಸರಿಯಾಗೇ ಇದೆ, ಮನುಷ್ಯ ಮಾತ್ರ ಕಾಣ್ತಿಲ್ಲ ಅಂದ್ಲು.

"ಅಳಿಸಿ," ಅಂದ ಇವನು, ಪಿಸುದನೀಲಿ. "ಅವನು ನಮ್ಮನೇಲಿದಾನೆ… ನಮ್ಮಮ್ಮ ಒಬ್ಬಳೇ ಇದಾಳೆ."

ಅಳಿಸಿದ್ರೆ ಪ್ರದರ್ಶನವೇ ಇಲ್ಲ, ಮುಂಗಡ ವಾಪಸ್ ಕೊಡು, ಬಾಕಿ ಮರೆತುಬಿಡು, ಚೌಕಟ್ಟಿನ ಕೂಲಿನೂ ಇಲ್ಲ ಅಂದ್ಲು. ಜೇಬಲ್ಲಿದ್ದ ಮುಂಗಡಾನ ಅಲ್ಲೇ ಮೇಜಿನ ಮೇಲೆ ಸುರಿದ. ಟಿಕ್. ಅಳಿಸಿದ್ಲು.

ವಾಪಸ್ ಬರೋವಾಗ ಬಾವಿ ಕಲ್ಲಿನ ಮೇಲೆ… ಸರ್ರ್. ಜನ್ಮದಲ್ಲಿ ಮೊದಲ ಸಲ ತನ್ನ ಕುಂಟು ಕಾಲಿಗೆ ಕೈ ಮುಗಿದ ನಮ್ಮ ಅಳಿಯ. ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಚಿಲಕ ಕಟಕ್ ಅಂತು.

ನಮ್ಮಕ್ಕ ಗೊಣಗ್ತಾ ನಿಂತಿದ್ಲು.

"ನನ್ನ ಒಂದು ಕಾಲಿಗೆ ಎಣ್ಣೆ ತಿಕ್ಕಿ, ಇನ್ನೊಂದು ಬಿಟ್ಟು ಎಲ್ಲಿಗೆ ಎದ್ದು ಹೋದ್ಯೋ?"

ಬೆಳಗ್ಗೆ ನಾನೇ ಹೋಗಿ ಮುಟ್ಟಿ ನೋಡಿದೀನಿ. ಅಕ್ಕನ ಬಲಗಾಲು ಮಂಡಿವರೆಗೂ ಜಾರುತ್ತೆ. ಎಡಗಾಲು ಒಣಗಿದ ಕಟ್ಟಿಗೆ.

ನಂಬಲ್ವಾ? ಬಿಡಿ. ದುಡಿದು ತಿನ್ನೋನು ಯಾವನಾದ್ರೂ ಬರೀ ಕಟ್ಟುಕತೆಗೋಸ್ಕರ ಕಳ್ಕೋತಾನೇನ್ರೀ… ಹನ್ನೊಂದು ಸಾವಿರದ ಏಳುನೂರ ಐವತ್ತು ರೂಪಾಯಿ.