ಮೂರನೇ ಸಿಲಿಂಡರ್

ಆ ಲೈಟ್ ಸ್ವಲ್ಪ ಆರಿಸು… ಹೂಂ, ಸಾಕು. ಇದು ನಮ್ಮ ದೊಡ್ಡಪ್ಪನ ಮಗ ಮೃತ್ಯುಂಜಯನಿಗೆ ಆಗಿದ್ದು. ನನಗೆ ಹೇಳಿದವನು ನಮ್ಮ ಪಕ್ಕದ ಮನೆ ಕುಮಾರ್. ಅವತ್ತು ಮೃತ್ಯುಂಜಯನ ಕಾರಲ್ಲಿ ಇದ್ದವನು. ಕುಮಾರ್ ಕುಡಿಯಲ್ಲ, ಸುಳ್ಳು ಕಟ್ಟೋಷ್ಟು ಬುದ್ಧಿಯೂ ಪಾಪ ಅವನಿಗಿಲ್ಲ. ಹಾಗಾಗಿ ನಡುವೆ ಬಾಯಿ ಹಾಕಬೇಡ.

ಕಾಫಿ ಕೊಯ್ಲಿನ ಟೈಮು. ಕುಮಾರ್ ಎಸ್ಟೇಟ್ ಸ್ಟೋರ್ ರೂಮಿಗೆ ಬೀಗ ಹಾಕಿ ಹೆಗ್ಗದ್ದೆ ಕಡೆ ಒಬ್ಬನೇ ನಡ್ಕೊಂಡು ಬರ್ತಿದ್ದ. ಮಂಜು ಕವಿದು ಕಾಲು ಇಟ್ಟ ಜಾಗ ಕಾಣ್ತಿರಲಿಲ್ಲ. ಹಾಳು ಬಾವಿ ಹತ್ತಿರ ಬಂದಾಗ ಎದುರಿಂದ ಶಬ್ದ… ಡಬ್, ಡಬ್, ಡಬ್… ಆಮೇಲೆ ಒಂದು ಖಾಲಿ. ಮತ್ತೆ ಡಬ್, ಡಬ್, ಡಬ್… ಒಂದು ಖಾಲಿ. ಕುಮಾರ್ ಹೆದರಲಿಲ್ಲ. ಆ ಶಬ್ದ ಊರಿಗೇ ಗೊತ್ತಿತ್ತು. ಮೃತ್ಯುಂಜಯನ ಹಳೇ ಬಿಳಿ ಕಾರು.

ಆ ಕಾರಿನದ್ದೇ ಒಂದು ರಾಮಾಯಣ. ನಾಲ್ಕು ಸಿಲಿಂಡರ್‌ನಲ್ಲಿ ಒಂದು ಹೊಡೀತಿರಲಿಲ್ಲ. ಬೆಳಗೋಡಿನ ಮೆಕ್ಯಾನಿಕ್ ಕಾರ್ಬುರೇಟರ್ ಅಂದ, ಬಿಚ್ಚಿ ತೊಳೆದ. ಸಕಲೇಶಪುರದವನು ಕಿಡಿ ಕೊಡೋ ಪಾಯಿಂಟ್ ಸವೆದಿದೆ ಅಂದ, ಹೊಸದು ಹಾಕಿದ. ಇನ್ನೊಬ್ಬ ಮಹಾನುಭಾವ ಪೆಟ್ರೋಲಿಗೆ ನೀರು ಸೇರಿದೆ ಅಂದ. ಕಾಯಿಲೆ ಮಾತ್ರ ಹಾಗೇ ಇತ್ತು. ಮಾರಿ ಬಿಡೋ ಅಂದರೆ ಮೃತ್ಯುಂಜಯ ಕೇಳ್ತಿರಲಿಲ್ಲ. ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಕಾರು ನಿಂತಿತು. ಹಿಂದಿನ ಸೀಟಲ್ಲಿ ಗಂಗಾಮಣಿ ದೊಡ್ಡಮ್ಮ, ಮೃತ್ಯುಂಜಯನ ತಾಯಿ, ಕಣ್ಣು ಮುಚ್ಚಿ ಮಲಗಿದ್ದಳು. ಸಂಜೆಯಿಂದ ಎದೆನೋವು. ಅವಳ ತಲೆ ಸೊಸೆ ಚಂದ್ರಿಕಾಳ ತೊಡೆ ಮೇಲಿತ್ತು. ಮಾರನಹಳ್ಳಿ ಹತ್ತಿರ ಟ್ಯಾಂಕರ್ ಮಗುಚಿ ಹೈವೇ ಪೂರ್ತಿ ಲಾರಿ ಸಾಲು, ಆಂಬುಲೆನ್ಸ್ ಬರೋ ಹಾಗಿರಲಿಲ್ಲ. ತೋಟದೊಳಗಿನ ರೋಡಲ್ಲೇ ಸಕಲೇಶಪುರದ ಆಸ್ಪತ್ರೆ ಮುಟ್ಟಬೇಕಿತ್ತು.

"ಕುಮಾರಣ್ಣ, ಹತ್ತು," ಅಂದ ಮೃತ್ಯುಂಜಯ, ಪಿಸುದನಿಯಲ್ಲಿ. "ನಿಂತ್ರೆ ತಳ್ಳಾಕೆ ಒಬ್ರು ಬೇಕು."

ಕುಮಾರ್ ಮುಂದಿನ ಸೀಟಿಗೆ ಹತ್ತಿದ. ಆಲದ ಮರದ ತಿರುವಿನ ಏರು ಬಂತು… ಕಾರು ಅರ್ಧ ಹತ್ತಿ ಗಡಗಡ ನಡುಗಿ ನಿಂತಿತು. ಇಂಜಿನ್ ಮಾತ್ರ ಓಡ್ತಿತ್ತು.

"ಆಫ್ ಮಾಡ್ಬ್ಯಾಡ," ಅಂದ ಕುಮಾರ್. "ಆಮ್ಯಾಕೆ ಹಿಡಿಯಾಕಿಲ್ಲ."

ಆಗ ಬಾನೆಟ್ ಮೇಲೆ… ಟಕ್. ಬೆರಳಿನ ಗೆಣ್ಣಲ್ಲಿ ಬಡಿದ ಹಾಗೆ. ಹೆಡ್‌ಲೈಟ್ ಬೆಳಕಲ್ಲಿ ಒಬ್ಬ ನಿಂತಿದ್ದ. ಲುಂಗಿ, ಖಾಕಿ ಅಂಗಿ, ಕೈಯಲ್ಲಿ ಸ್ಪ್ಯಾನರ್. ಟಾರ್ಚ್ ಇಲ್ಲ.

"ಒಂದು ಹೊಡೀತಿಲ್ಲ," ಅಂದ. "ಬಾನೆಟ್ ಎಳಿ. ಇಂಜಿನ್ ಓಡ್ತಾ ಇರ್ಲಿ."

ಇಲ್ಲೊಂದು ವಿಷಯ ತಿಳ್ಕೊ. ಯಾವ ಸಿಲಿಂಡರ್ ಸತ್ತಿದೆ ಅಂತ ನೋಡೋಕೆ ನಮ್ಮ ಕಡೆ ಮೆಕ್ಯಾನಿಕ್‌ಗಳು ಇಂಜಿನ್ ಓಡುವಾಗಲೇ ಕಿಡಿ ಹೊತ್ತಿಸೋ ಪ್ಲಗ್ಗಿನ ವೈರ್ ಒಂದೊಂದಾಗಿ ಕೀಳ್ತಾರೆ. ಕಿತ್ತಾಗ ಇಂಜಿನ್ ಮುಗ್ಗರಿಸಿದರೆ ಆ ಸಿಲಿಂಡರ್ ಬದುಕಿದೆ. ಕಿತ್ತರೂ ಶಬ್ದ ಬದಲಾಗದಿದ್ದರೆ ಅದೇ ಸತ್ತಿರೋದು. ಇಷ್ಟೇ ವಿದ್ಯೆ.

ಅವನು ಮೊದಲನೇ ವೈರ್ ಕಿತ್ತ. ಇಂಜಿನ್ ಮುಗ್ಗರಿಸಿತು… ಮೃತ್ಯುಂಜಯ ಸ್ಟೀರಿಂಗ್ ಮೇಲೆ ಬಾಗಿದ. ಬಾಯಿ ತೆರೆದಿತ್ತು, ಉಸಿರಿಲ್ಲ. ಚಟ್… ವೈರ್ ವಾಪಸ್ ಕೂತಿತು. ಉಸಿರು ಬಂತು.

"ಒಂದು ಚೆನ್ನಾಗೈತೆ."

ಎರಡನೇದು ಕಿತ್ತ. ಒಲೆಗೆ ನೀರು ಸುರಿದ ಹಾಗೆ ಕುಮಾರನ ಎದೆ ಚುಂಯ್ ಅಂತ ಆರಿತು. ಚಟ್… ಮತ್ತೆ ಹತ್ತಿಕೊಂಡಿತು.

ಮೂರನೇದು. ಹಿಂದಿನಿಂದ ಚಂದ್ರಿಕಾ "ಹಕ್" ಅಂದಳು. ಚಟ್.

ನಾಲ್ಕನೇದು ಕಿತ್ತ… ಇಂಜಿನ್ ಶಬ್ದ ಒಂಚೂರೂ ಬದಲಾಗಲಿಲ್ಲ. ದೊಡ್ಡಮ್ಮ ಅಲ್ಲಾಡಲಿಲ್ಲ. ಅಲ್ಲಾಡೋಕೆ ಅಲ್ಲೇನೂ ಉಳಿದಿರಲಿಲ್ಲ.

"ಇದೇ ಕಣ್ರೀ ಸತ್ತಿರೋದು," ಅಂದ ಅವನು, ನಗುನಗುತ್ತಾ.

"ಸರಿ ಮಾಡು," ಅಂದ ಮೃತ್ಯುಂಜಯ. "ಹೆಂಗಾರಾ ಮಾಡು ಮಾರಾಯ."

"ಹೊಸ ಪ್ಲಗ್ ನನ್ತಾವ ಇಲ್ಲ. ಚೆನ್ನಾಗಿರೋದೊಂದು ಕಿತ್ತು ಇಲ್ಲಿಗೆ ಹಾಕ್ತೀನಿ. ಇದನ್ನ ಅಲ್ಲಿಗೆ. ಯಾವ್ದು ಕೀಳ್ಲಿ?… ಒಂದಾ, ಎರಡಾ, ಮೂರಾ?"

"ಬ್ಯಾಡ ಕಣೋ," ಅಂದ ಕುಮಾರ್, ಪಿಸುಗುಟ್ಟಿ. "ಕೀ ತಿರುವು. ಆಫ್ ಮಾಡು."

ಮೃತ್ಯುಂಜಯ ಕೀ ಮುಟ್ಟಲಿಲ್ಲ. ಕಣ್ಣೆತ್ತಿ ಕನ್ನಡಿ ನೋಡಿದ. ಹಿಂದೆ ಚಂದ್ರಿಕಾ ಒಂದು ಕೈಯಲ್ಲಿ ತನ್ನ ಎದೆ ಉಜ್ಜಿಕೊಳ್ತಿದ್ದಳು. ಇನ್ನೊಂದು ಕೈ ಅತ್ತೆಯ ಕೂದಲ ಮೇಲಿತ್ತು. ಕನ್ನಡಿಯಲ್ಲಿ ಗಂಡನ ಕಣ್ಣು ಸಿಕ್ಕಿದ್ದು ಅವಳಿಗೆ ಗೊತ್ತಾಯಿತು.

"ನಂಗೇನಿಲ್ಲ ಬಿಡಿ," ಅಂದಳು. "ಬೇಗ ಹೋಗಾಣ. ಅತ್ತೆ ಕೈ ತಣ್ಣಗಾಗೈತೆ."

ಮೃತ್ಯುಂಜಯ ಕನ್ನಡಿಯಿಂದ ಕಣ್ಣು ತೆಗೆದ.

"ಮೂರನೇದು," ಅಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತಿಲ್ಲದೆ ಅಂದ ಅಂತ ಅವನು ಈಗ ಹೇಳ್ತಾನೆ. ನೋಡಿಯೇ ಅಂದ ಅಂತ ಕುಮಾರ್ ಹೇಳ್ತಾನೆ. ನಾನು ಕುಮಾರನ ಮಾತು ನಂಬ್ತೀನಿ. ಅವತ್ತಿಂದ ಆ ನನ್ಮಗನ ಮನೆಯಲ್ಲಿ ನಾನು ನೀರೂ ಮುಟ್ಟಿಲ್ಲ.

ಕಿರ್… ಕಿರ್… ಸ್ಪ್ಯಾನರ್ ತಿರುಗೋ ಶಬ್ದ. ಓಡೋ ಇಂಜಿನ್‌ನಿಂದ ಸುಡೋ ಪ್ಲಗ್ಗನ್ನ ಅವನು ಬರಿಗೈಯಲ್ಲಿ ಎತ್ತಿದ. ಬಾನೆಟ್ ಧಡ್ ಅಂತ ಬಿತ್ತು. ಬಿದ್ದ ಮೇಲೆ ಅದರಾಚೆ ಯಾರೂ ಇರಲಿಲ್ಲ. ಮಂಜು, ರೋಡು, ಮರ… ಅಷ್ಟೆ.

ಕಾರು ಏರು ಹತ್ತಿತು. ಆದರೆ ಶಬ್ದ ಅದೇ… ಡಬ್, ಡಬ್, ಡಬ್, ಒಂದು ಖಾಲಿ. ದೋಷ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು. ಹಿಂದೆ ದೊಡ್ಡಮ್ಮ ಎದ್ದು ಕೂತು ಸೆರಗು ಸರಿ ಮಾಡಿಕೊಂಡಳು. ಚಂದ್ರಿಕಾಳ ತಲೆ ಮೆಲ್ಲಗೆ ಅವಳ ಹೆಗಲ ಮೇಲೆ ವಾಲಿತು.

ಆಸ್ಪತ್ರೆಯವರು ಸ್ಟ್ರೆಚರ್ ತಂದರು. ದೊಡ್ಡಮ್ಮ ತಾನೇ ಬಾಗಿಲು ತೆಗೆದು ಇಳಿದಳು. "ನಂಗಲ್ಲ," ಅಂದಳು. "ಒಳಗೆ ನನ್ ಸೊಸೆ ಅವ್ಳೆ, ಅವ್ಳನ್ನ ನೋಡಿ." ನೋಡೋಕೆ ಏನಿತ್ತು? ಮಾರನೇ ದಿನ ತೋಟದ ಮೂಲೆಯಲ್ಲಿ ಚಂದ್ರಿಕಾಳನ್ನ ಮಣ್ಣು ಮಾಡಿದೆವು. ಗುಂಡಿಗೆ ನಾನೂ ಮಣ್ಣು ಹಾಕಿದ್ದೀನಿ.

ಆ ಸ್ಪ್ಯಾನರ್ ಹಿಡಿದವನು ಲಾಜರಸ್ ಮೆಕ್ಯಾನಿಕ್‌ನ ದೆವ್ವ ಅಂತ ಕೆಲವರು ಹಬ್ಬಿಸಿದ್ದಾರೆ. ಪಾಪ, ಲಾಜರಸ್ ಬೆಳಗೋಡಲ್ಲಿ ಇವತ್ತಿಗೂ ಪಂಕ್ಚರ್ ಹಾಕ್ಕೊಂಡು ಗಟ್ಟಿಮುಟ್ಟಾಗಿದ್ದಾನೆ. ಅದು ಯಾರು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ.

ದೊಡ್ಡಮ್ಮ ಈಗಲೂ ಇದ್ದಾಳೆ. ಸೌದೆ ಒಡೀತಾಳೆ, ಗುಡ್ಡ ಹತ್ತುತಾಳೆ. ಮಗನ ಹತ್ತಿರ ಮಾತು ಬಿಟ್ಟಿದ್ದಾಳೆ, ಒಂದೇ ಮಾತು ಬಿಟ್ಟು. ಅವನು ಊಟಕ್ಕೆ ಕೂತಾಗ ಬಡಿಸಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳ್ತಾಳಂತೆ: "ಒಂದನೇದು ಅನ್ಬೋದಿತ್ತಲ್ಲೋ ಮಗ."

ನಿಜ ಕಣೋ. ನಂಬದಿದ್ದರೆ ನಾಳೆ ಹೆಗ್ಗದ್ದೆಗೆ ಹೋಗಿ ಯಾರನ್ನಾದರೂ ಕೇಳು. ಅವತ್ತಿಂದ ದೊಡ್ಡಮ್ಮ ಮಲಗಿದ್ದನ್ನ ಯಾರೂ ನೋಡಿಲ್ಲ. ರಾತ್ರಿಯೆಲ್ಲ ಮಗನ ಕೋಣೆ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತಾಳೆ… ಕಣ್ಣು ತೆರೆದುಕೊಂಡು.