ಮರಳೂರಿನಲ್ಲಿ ಹಚ್ಚಿದ ದೀಪ

ಬಳೇಪೇಟೆಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕೈಗಾಡಿಗಳು ರಸ್ತೆಯಂಚಿಗೆ ಸರಿದು ನಿಂತವು, ಅಂಗಡಿಗಳ ಬಾಗಿಲು ಹೊತ್ತಿಗೆ ಮುಂಚೆಯೇ ಮುಚ್ಚಿದವು. ಅಕ್ಕಿಪೇಟೆಗೆ ಹೊರಟಿದ್ದ ನಾನು, ಮೂಟೆ ಹೊರುವ ಮುನಿಸ್ವಾಮಿ, ಬಳೆ ಕೊಳ್ಳಲು ಬಂದಿದ್ದ ಪಿಳ್ಳಮ್ಮ, ಮೂವರೂ ಬಳೆ ಅಂಗಡಿ ಕಲ್ಯಾಣಮ್ಮನವರ ಜಗಲಿ ಹತ್ತಿದೆವು. ಅಜ್ಜಿಯ ಬಾಯಿ ಜೋರು, ಕೈ ಧಾರಾಳ. ಬಿಸಿ ಕಾಫಿ ಕೊಟ್ಟು, ಮಳೆ ನಿಲ್ಲುವವರೆಗೆ ಯಾರೂ ಏಳಕೂಡದು ಎಂದು ಗದರಿದರು. ಮಾತಿಗೆ ಮಾತು ಬಂದು ಪಿಳ್ಳಮ್ಮ, "ದೆವ್ವ ಗಿವ್ವ ಎಲ್ಲ ಸುಳ್ಳು, ಅಲ್ವೇನಜ್ಜಿ?" ಎಂದಳು. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು ಶುರು ಮಾಡಿದರು.

"ಸುಳ್ಳೋ ನಿಜವೋ, ಪೂರ್ತಿ ಕೇಳಿ ಆಮೇಲೆ ಹೇಳೇ. ಮಧ್ಯೆ ಬಾಯಿ ಹಾಕಿದ್ರೆ ನನಗೆ ಸಿಟ್ಟು ಬರುತ್ತೆ.

"ಹೋದ ವರ್ಷದ ಮಾತು, ಸ್ವಾತಂತ್ರ್ಯ ಬಂದು ಒಂದೆರಡು ವರ್ಷ ಆಗಿತ್ತು. ನಮ್ಮ ಯಜಮಾನರು ಅರಗಿನ ಬಳೆ ತರೋಕೆ ರಾಜಸ್ಥಾನದ ಕಡೆ ಹೊರಟ್ರು, ನಾನೂ ಹೊರಟೆ. ಸೊಸೆ ಶಿವಕುಮಾರಿ... ಮದುವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ... 'ನಾನೂ ಬರ್ತೀನಿ ಅತ್ತೆ' ಅಂತ ಸೆರಗು ಹಿಡ್ಕೊಂಡ್ಲು. ನನಗೆ ಹೆಣ್ಣುಮಕ್ಕಳಿಲ್ಲ ಕಣ್ರೇ, ಅವಳೇ ನನ್ನ ಮಗಳು. ಹೂಂ ಅಂದೆ. ಮಗ ಮಲ್ಲಿಕಾರ್ಜುನ ಅಂಗಡಿ ನೋಡ್ಕೊಂಡು ಇಲ್ಲೇ ಉಳ್ಕೊಂಡ.

"ವ್ಯಾಪಾರ ಮುಗೀತು. ಅಲ್ಲಿನ ಸೇಟು, ಇಷ್ಟು ದೂರ ಬಂದಿದ್ದೀರಿ, ಮರಳುಗಾಡಲ್ಲಿ ಪುರಾತನ ಕಾಲದ ಒಂದು ಪಟ್ಟಣ ಇದೆ, ನೋಡ್ಕೊಂಡು ಹೋಗಿ ಅಂತ ಒಬ್ಬ ಮುದುಕನ್ನ ಜೊತೆ ಮಾಡಿ ಕಳಿಸ್ದ. ಬಂದವರಿಗೆ ಆ ಊರು ಸುತ್ತಿಸಿ ತೋರಿಸೋದೇ ಅವನ ಕಸುಬು. ಹೋಗಿ ಒಂಟೆ ಗಾಡಿಯಿಂದ ಇಳಿದ್ವಿ... ಅಯ್ಯೋ ಶಿವನೇ, ಏನು ಊರು ಅಂತೀರಿ! ಕಲ್ಲಿನ ಮನೆ, ಕಲ್ಲಿನ ಬೀದಿ, ಬಾವಿ, ಅಂಗಡಿ ಸಾಲು ಎಲ್ಲ ಇದೆ, ಒಂದು ನರಪಿಳ್ಳೆ ಇಲ್ಲ. ಮುದುಕ ಮುಂದೆ ಮುಂದೆ ನಡೀತಾ, ಇದು ಅಕ್ಕಸಾಲಿಗರ ಬೀದಿ, ಇದು ಬಳೆಗಾರರ ಬೀದಿ ಅಂತ ಹೇಳೋನು, ಯಜಮಾನರು ನಮಗೆ ಕನ್ನಡದಲ್ಲಿ ಹೇಳೋರು. ಬಳೆಗಾರರ ಬೀದಿ ಥೇಟ್ ನಮ್ಮ ಬಳೇಪೇಟೆ ಥರಾನೇ, ಅಷ್ಟೇ ಇಕ್ಕಟ್ಟು! ಬಾವಿ ಬತ್ತಿ ಊರಿಗೆ ಊರೇ ಹೋಯ್ತಂತೆ. ಕೊನೇ ಮನೆ ಮುಂದೆ ನಿಂತು ಹೇಳ್ದ... ಈ ಮನೆ ಹುಡುಗನಿಗೆ ಹೆಣ್ಣು ಗೊತ್ತಾಗಿತ್ತು, ಸೊಸೆ ಕಾಲಿಡೋ ಮುಂಚೆ ಮನೆಯವರೆಲ್ಲ ಸತ್ತೋದ್ರು, ಅವಳಿಗಾಗಿ ಇನ್ನೂ ಕಾಯ್ತಿದಾರೆ ಅಂತಾರೆ... ಹೊತ್ತು ಮುಳುಗೋಕೆ ಮುಂಚೆ ಹೊರಟ್ಬಿಡೋಣ, ನಡೀರಿ ಅಂದ.

"ಹೊರಟ್ವಿ. ತಿರುಗಿ ನೋಡ್ತೀನಿ, ಶಿವಕುಮಾರಿ ಇಲ್ಲ!

"ಓಡಿ ಹೋದ್ರೆ ಆ ಮನೆ ಹೊಸ್ತಿಲ ಹತ್ರ ಕೂತಿದ್ದಾಳೆ. ಸಂಜೆ ಲಿಂಗಪೂಜೆಗೆ ಅಂತ ಎಣ್ಣೆ, ಬತ್ತಿ, ಹಣತೆ ನಮ್ಮ ಚೀಲದಲ್ಲಿ ಯಾವಾಗ್ಲೂ ಇರುತ್ತಲ್ಲ... ಬಾಗಿಲ ಪಕ್ಕದ ಗೂಡಲ್ಲಿ ದೀಪ ಹಚ್ಚಿಟ್ಟಿದ್ದಾಳೆ. 'ಮುಚ್ಚಂಜೆ ಹೊತ್ತಲ್ವಾ ಅತ್ತೆ, ಹೊಸ್ತಿಲು ಕತ್ತಲಾಗಿರಬಾರದು. ಪಾಪ, ಇವರಿಗೆ ಹಚ್ಚೋರು ಯಾರಿದ್ದಾರೆ?' ಅಂದ್ಲು. ಎಂಥ ಒಳ್ಳೇ ಮನಸ್ಸು ನೋಡಿ! ಮುದುಕ ಮಾತ್ರ ಬಿಳಿಚಿಕೊಂಡ. 'ಆರಿಸು ತಾಯಿ, ಹಚ್ಚಿದ ಕೈಯಲ್ಲೇ ಆರಿಸು! ಮನೆಗೆ ದೀಪ ಹಚ್ಚೋಳೇ ಮನೆ ಸೊಸೆ!' ಅಂತ ಕೈಮುಗಿದ. ಆದ್ರೆ ನಮ್ಮಲ್ಲಿ ಮುತ್ತೈದೆ ಸಂಜೆ ದೀಪ ಊದಿ ಆರಿಸ್ತಾಳಾ? ಗಂಡನ ಆಯಸ್ಸಿಗೆ ಕೇಡು. 'ಜೀವ ಹೋದ್ರೂ ಆರಿಸಲ್ಲ' ಅಂದ್ಲು. ದೀಪ ಉರೀತಾನೇ ಇತ್ತು, ನಾವು ಬಂದ್ಬಿಟ್ವಿ.

"ಇಲ್ಲಿಗೆ ಬಂದ ಮೇಲೆ ಒಂದು ಸಂಜೆ ದೀಪ ಹಚ್ತಿದ್ದೋಳು 'ಬಂದೆ ಅತ್ತೆ' ಅಂದ್ಲು. ನಾನು ಕರೀಲಿಲ್ವಲ್ಲೇ ಅಂದೆ. ನನ್ನ ಮುಖ ನೋಡಿ ಮೆಲ್ಲಗೆ, 'ನಿಮಗಲ್ಲ ಅತ್ತೆ' ಅಂದ್ಲು.

"ಅವತ್ತಿಂದ ದೀಪ ಉರಿಯೋಷ್ಟು ಹೊತ್ತೂ ಅವಳು ಇಲ್ಲಿರಲ್ಲ. ಮೈ ಇಲ್ಲೇ ಕೂತಿರುತ್ತೆ, ಕಣ್ಣು ತೆರೆದಿರುತ್ತೆ, ಕೂಗಿದ್ರೆ ಓಗೊಡಲ್ಲ. ದೀಪ ತಾನಾಗಿ ಆರಿದ ಮೇಲೆ ಎದ್ದು ಸೆರಗು ಕೊಡವಿದ್ರೆ ಮರಳು ಉದುರುತ್ತೆ... ಆಮೇಲೆ ಏನೂ ಆಗದೋಳ ಥರ ಅನ್ನಕ್ಕಿಡ್ತಾಳೆ. ಸಂಜೆ ದೀಪ ತಪ್ಪಿಸೋ ಹಾಗಿಲ್ಲ, ಬೇಗ ಆರಿ ಬೇಗ ಬರ್ಲಿ ಅಂತ ನಾನೇ ಒಂದು ಚಮಚ ಎಣ್ಣೆ ಅಳೆದು ಹಾಕ್ತೀನಿ. ಆದ್ರೆ ಅಷ್ಟೇ ಎಣ್ಣೆ ದಿನಾ ದಿನಾ ಜಾಸ್ತಿ ಹೊತ್ತು ಉರಿಯುತ್ತೆ ಕಣ್ರೇ! ಈಗೀಗ ಊಟದ ಹೊತ್ತೂ ದಾಟುತ್ತೆ."

"ಊದಿ ಆರಿಸ್ಬಿಡಿ ಅಜ್ಜಿ!" ಎಂದಳು ಪಿಳ್ಳಮ್ಮ.

"ಅವಳು ಅಲ್ಲಿರುವಾಗ ಆರಿಸಿದ್ರೆ ಆ ಕತ್ತಲಲ್ಲಿ ನನ್ನ ಮಗು ದಾರಿ ಹುಡುಕ್ಕೊಂಡು ಹೆಂಗೆ ಬರ್ತಾಳೆ? ಹೇಳೇ, ಹೆಂಗೆ ಬರ್ತಾಳೆ?"

ಅರ್ಧ ತೆರೆದ ಬಾಗಿಲಾಚೆ, ನಡುಮನೆಯಲ್ಲಿ, ಒಬ್ಬ ಹೆಂಗಸಿನ ಬೆನ್ನು ಕಾಣುತ್ತಿತ್ತು. ಅವಳ ಮುಂದಿನಿಂದ ಬಂದ ಹಳದಿ ಬೆಳಕು ಹೊಸ್ತಿಲು ದಾಟಿ ನಮ್ಮ ಕಾಲ ಬಳಿ ಬಿದ್ದಿತ್ತು.

"ಬೆಳಿಗ್ಗೆ ನನ್ನ ತಬ್ಬಿಕೊಂಡು ಅತ್ಲು. 'ಇವತ್ತು ಕಳಿಸ್ಬೇಡಿ ಅತ್ತೆ, ಇನ್ನು ವಾಪಸ್ ಬಿಡಲ್ಲ ಅಂತಿದಾರೆ' ಅಂದ್ಲು. ಮಠದ ಅಯ್ಯನವರನ್ನ ಕರ್ಕೊಂಡು ಬರೋಕೆ ಹೋದ ಮಲ್ಲಿಕಾರ್ಜುನ ಈ ಮಳೇಲಿ ಎಲ್ಲಿ ಸಿಕ್ಕಿಕೊಂಡನೋ... ಯಜಮಾನರೂ ಊರಲ್ಲಿಲ್ಲ, ಒಬ್ಬಳೇ ಕಾಯೋಕೆ ಭಯ ಆಗಿ ನಿಮ್ಮನ್ನ ಕೂರಿಸ್ಕೊಂಡೆ ಕಣ್ರಪ್ಪಾ."

ಅಜ್ಜಿ ಒಳಗಿನ ಬೆಳಕಿನ ಕಡೆ ನೋಡಿದರು.

"ಇವತ್ತು ಹಣತೆಗೆ ನಾನು ಎಣ್ಣೆನೇ ಹಾಕಿಲ್ಲ... ಬತ್ತಿನೂ ಇಟ್ಟಿಲ್ಲ."